ಕೋನಮಾಪಕದಲ್ಲಿ 90 ಮಾತ್ರ ಸರಿ ಬರುತ್ತೆ, ಉಳಿದದ್ದೆಲ್ಲ ತಪ್ಪು. ಯಾಕಿರಬಹುದು?

ಬೆಣ್ಣೆದೋಸೆ_ಅಮ್ಮ · ಭಾನುವಾರ ರಾತ್ರಿ 8:50

ಮಗಳು 6ನೇ ಕ್ಲಾಸು. ಗಣಿತದಲ್ಲಿ ಕೋನ ಅಳೆಯುವ ಪಾಠ ನಡೆಯುತ್ತಿದೆ. ನಾಲ್ಕು ಕೋನ ಕೊಟ್ಟು, ಅಳೆದು, ಯಾವ ಬಗೆಯ ಕೋನ ಅಂತ ಬರೆಯೋಕೆ ಹೇಳಿದ್ದರು. ಇವಳು ಬರೆದದ್ದು 46, 90, 134, 226. ಪುಸ್ತಕ ವಾಪಸ್ ಬಂದಾಗ 90ಕ್ಕೆ ಮಾತ್ರ ಸರಿ ಗುರುತು. ಉಳಿದ ಮೂರಕ್ಕೂ ಕೆಂಪು ಗೀಟು, ಪಕ್ಕದಲ್ಲಿ 50, 130, 230. ಯಾಕೆ ತಪ್ಪು ಅಂತ ಒಂದು ಮಾತೂ ಇಲ್ಲ.

ಲಘು, ಲಂಬ, ವಿಶಾಲ, ಸರಳಾಧಿಕ ಅಂತ ಬರೆದ ಹೆಸರುಗಳು ನಾಲ್ಕೂ ಸರಿ. ಅಳತೆ ಮಾತ್ರ ಎಡವಟ್ಟು.

ನಾನೂ ಪಕ್ಕದಲ್ಲಿ ಕೂತು ನೋಡಿದೆ. ಒಳಗಿನ ಅಂಕಿ, ಹೊರಗಿನ ಅಂಕಿ ಗೊಂದಲ ಮಾಡಿಕೊಳ್ಳುತ್ತಿಲ್ಲ. ಸೊನ್ನೆ ಎಲ್ಲಿದೆಯೋ ಅಲ್ಲಿಂದಲೇ ಎಣಿಸುತ್ತಾಳೆ. ಮೂರು ಸಲ ಅಳೆಸಿದೆ, ಮೂರು ಸಲವೂ 46. ಕೈ ಅಲುಗಾಡಿದ್ದರೆ ಒಂದ್ಸಲ 48, ಒಂದ್ಸಲ 51 ಬರಬೇಕಿತ್ತು ಅಲ್ವಾ? 'ಡಿ', ಅಂದರೆ ಕೋನಮಾಪಕ, ಹಾಳಾಗಿದೆಯಾ? ಹೊಸ ಕಂಪಾಸ್ ಬಾಕ್ಸ್ ತರಬೇಕಾ?

ಸುಮ್ನೆ_ಕೇಳ್ದೆ · 8:58

ಹೊಸ ಬಾಕ್ಸ್ ತನ್ನಿ. ಪೆನ್ಸಿಲ್, ರಬ್ಬರು, ಮೂಲೆಮಟ್ಟ ಎಲ್ಲ ಸಿಗುತ್ತೆ. ಒಳಗೆ ಒಂದು ಟೈಂ ಟೇಬಲ್ ಚೀಟಿನೂ ಇರುತ್ತೆ, ಯಾರೂ ಬರೆಯಲ್ಲ.

ಕಪ್ಪುಹಲಗೆ · 9:10

ನಾನು ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಬಾಕ್ಸ್ ತರೋಕೆ ಆತುರ ಬೇಡ.

ನಿಮ್ಮ ಮಗಳ ತಪ್ಪು ನಾವು ದಿನಾ ನೋಡುವ ತಪ್ಪಲ್ಲ. ದಿನಾ ನೋಡುವುದು ಇದು: 50ರ ಕೋನಕ್ಕೆ 130 ಅಂತ ಬರೆಯೋದು. ಕೋನಮಾಪಕದಲ್ಲಿ ಎರಡು ಸಾಲು ಅಂಕಿ ಇರುತ್ತವಲ್ಲ, ಒಂದು ಎಡದಿಂದ ಬಲಕ್ಕೆ 0ಯಿಂದ 180, ಇನ್ನೊಂದು ಬಲದಿಂದ ಎಡಕ್ಕೆ. ಕೋನದ ಒಂದು ಬಾಹು ಯಾವ ಸೊನ್ನೆಯ ಮೇಲೆ ಮಲಗಿದೆಯೋ ಆ ಸಾಲನ್ನೇ ಹಿಡಿದು ಹೋಗಬೇಕು. ಮಕ್ಕಳು ಕಣ್ಣಿಗೆ ದೊಡ್ಡದಾಗಿ ಕಂಡ ಅಂಕಿ ಬರೆದುಬಿಡುತ್ತಾರೆ. ಇದಕ್ಕೆ ನನ್ನ ಮದ್ದು ಒಂದೇ. ಮೊದಲು ಹೆಸರು, ಆಮೇಲೆ ಅಳತೆ. ಕೋನಮಾಪಕ ಮುಟ್ಟುವ ಮುಂಚೆ "ಇದು ಪುಸ್ತಕದ ಮೂಲೆಗಿಂತ ಚಿಕ್ಕದಾ, ದೊಡ್ಡದಾ?" ಅಂತ ಕೇಳುತ್ತೇನೆ. ಚಿಕ್ಕದು ಅಂದರೆ ಲಘು ಕೋನ. ಲಘು ಅಂತ ಬಾಯಲ್ಲಿ ಹೇಳಿದ ಮಗು 130 ಅಂತ ಬರೆಯೋಕೆ ಹೋದರೆ ತಾನೇ ನಿಲ್ಲುತ್ತದೆ.

ನಿಮ್ಮ ಮಗಳು ಹೆಸರು ಸರಿ ಬರೆದಿದ್ದಾಳೆ, ಸಾಲು ಸರಿ ಹಿಡಿದಿದ್ದಾಳೆ. ಹಾಗಾದರೆ ಇನ್ನೇನೋ ಇದೆ. ಬಾಹುಗಳು ಗಿಡ್ಡ ಇದ್ದವಾ? ಗೆರೆ ಅಂಕಿಯ ತನಕ ಮುಟ್ಟದಿದ್ದರೆ ಅಂದಾಜಿನಲ್ಲಿ ಓದುತ್ತಾರೆ.

ಬೆಣ್ಣೆದೋಸೆ_ಅಮ್ಮ · 9:16

ಗಿಡ್ಡ ಇದ್ದವು. ಸ್ಕೇಲಿಟ್ಟು ಉದ್ದ ಮಾಡಿಸಿದೆ. ಆದರೂ 46.

ಕಟ್ಟೆಪುರಾಣ · 9:20

ಉದ್ದ ಮಾಡಿದರೆ ಕೋನ ದೊಡ್ಡದಾಗಲ್ವಾ? 😀 ತಮಾಷೆಗೆ ಕೇಳಿದೆ.

ಕಪ್ಪುಹಲಗೆ · 9:31

ತಮಾಷೆ ಅಲ್ಲ ಸ್ವಾಮಿ, ಪ್ರತಿ ವರ್ಷ ಅರ್ಧ ಕ್ಲಾಸು ಹಾಗೇ ಅಂದುಕೊಂಡಿರುತ್ತದೆ. ಬೋರ್ಡಿನ ಮೇಲೆ ಮಾರುದ್ದ ಗೆರೆಗಳ 40 ಡಿಗ್ರಿ ಕೋನ ಬರೆದು, ಪಕ್ಕದಲ್ಲಿ ಗೇಣುದ್ದ ಗೆರೆಗಳ 60 ಡಿಗ್ರಿ ಬರೆದು ಯಾವುದು ದೊಡ್ಡದು ಅಂತ ಕೇಳಿ. ಕೈ ಎಲ್ಲ 40ರ ಕಡೆ ಹೋಗುತ್ತದೆ. ನಾನು ಬಾಗಿಲು ತೋರಿಸುತ್ತೇನೆ. ಶಾಲೆಯ ಗೇಟು ಒಂದು ಗೇಣು ತೆರೆದಿದ್ದರೂ ಗೇಟು ದೊಡ್ಡದೇ. ಬೀರುವಿನ ಬಾಗಿಲು ಪೂರ್ತಿ ತೆರೆದಿದ್ದರೂ ಬಾಗಿಲು ಚಿಕ್ಕದೇ. ಯಾವುದು ಜಾಸ್ತಿ ತೆರೆದಿದೆ ಅಂತ ಕೇಳಿ, ಎಷ್ಟು ಉದ್ದ ಅಂತ ಕೇಳಬೇಡಿ. ಕೋನ ಅಂದರೆ ತಿರುಗಿದ ಲೆಕ್ಕ.

ಇನ್ನೊಂದು ಮಜಾ ಇದೆ. ಲಂಬ ಕೋನವನ್ನು ಒಂಚೂರು ಓರೆ ಮಾಡಿ ಬರೆದರೆ, ಅಂದರೆ ಎರಡೂ ಗೆರೆ ವಾಲಿಕೊಂಡಂತೆ, "ಇದು ಲಂಬ ಅಲ್ಲ ಮಿಸ್" ಅಂತಾರೆ. ಲಂಬ ಅಂದರೆ ನೆಟ್ಟಗೆ ನಿಂತಿರಬೇಕು ಅಂತ ಅವರ ತಲೆಯಲ್ಲಿ. ಪುಸ್ತಕವನ್ನು ಕೈಯಲ್ಲಿ ತಿರುಗಿಸಿ ತೋರಿಸಬೇಕು, ಮೂಲೆ ಎಲ್ಲಿ ಹೋಯ್ತು ಅಂತ ಕೇಳಬೇಕು.

ಕಟ್ಟೆಪುರಾಣ · 9:36

ಹೆಸರಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮ ಕ್ಲಾಸಲ್ಲಿ ಒಬ್ಬ ಪರೀಕ್ಷೆಯಲ್ಲಿ ಉದ್ದಕ್ಕೂ 'ಕೋಣ' ಅಂತಲೇ ಬರೆದಿದ್ದ. ಲಘು ಕೋಣ, ವಿಶಾಲ ಕೋಣ, ಪೂರ್ಣ ಕೋಣ. ಮೇಷ್ಟ್ರು ಉತ್ತರಪತ್ರಿಕೆಯನ್ನು ಕ್ಲಾಸಲ್ಲಿ ಓದಿ, "ವಿಶಾಲ ಕೋಣವನ್ನು ಕಂಬಳಕ್ಕೆ ಕಳಿಸೋಣ, ಲಘು ಕೋಣಕ್ಕೆ ಹುಲ್ಲು ಹಾಕು" ಅಂದರು. ಹಿಂದಿಯಲ್ಲಿ ಕೋಣ ಅಂತಲೇ ಅಂತಾರೆ, ಅವರಿಗೆ ಎಮ್ಮೆಯ ಗಂಡನ ತೊಂದರೆ ಇಲ್ಲ.

ಇನ್ನೊಬ್ಬಳು ಕನ್ನಡ ಪಂಡಿತರನ್ನು ಕೇಳಿದ್ದಳು: "ಛಂದಸ್ಸಿನಲ್ಲಿ ಲಘು ಇದ್ದರೆ ಗುರು ಇರುತ್ತೆ. ಗಣಿತದಲ್ಲಿ ಲಘು ಕೋನ ಇದೆ, ಗುರು ಕೋನ ಎಲ್ಲಿ?" ಪಂಡಿತರು ಗಣಿತದ ಮೇಷ್ಟ್ರ ಕಡೆ ಕೈ ತೋರಿಸಿದರು. ಅವರು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಕಪ್ಪುಹಲಗೆ · 9:41

ಆದರೆ ಸರಳಾಧಿಕಕ್ಕೆ ನಿಮ್ಮ ಪಂಡಿತರೇ ಬೇಕು. ಸರಳ + ಅಧಿಕ, ಸವರ್ಣದೀರ್ಘ ಸಂಧಿ. ಸರಳ ಕೋನಕ್ಕಿಂತ, ಅಂದರೆ 180ಕ್ಕಿಂತ ಜಾಸ್ತಿ. ಸಂಧಿ ಬಿಡಿಸಿದರೆ ಅರ್ಥವೂ ಬಿಡಿಸಿಕೊಳ್ಳುತ್ತದೆ. ಬಾಯಿಪಾಠದ ಅಗತ್ಯವೇ ಇಲ್ಲ.

ರಾತ್ರಿಪಾಳಿ · 9:55

ವಿಷಯಕ್ಕೆ ಬರೋಣ. ಕೋನಮಾಪಕ ಸರಿ ಇದೆಯಾ ಅಂತ ನೋಡೋಕೆ ಸುಲಭ ದಾರಿ ಇದೆ. ಒಂದು ನೇರ ಗೆರೆ ಎಳೆಯಿರಿ. ಅದರ ಮೇಲೆ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಓರೆಯಾಗಿ ಇನ್ನೊಂದು ಗೆರೆ ಎಳೆಯಿರಿ. ಈಗ ಎರಡು ಕೋನ ಆದವು, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಬೇರೆ ಬೇರೆ ಅಳೆದು ಕೂಡಿಸಿ. 180 ಬಂದರೆ ಕೋನಮಾಪಕದ ತಪ್ಪಲ್ಲ, ಅಳೆಯುವ ರೀತಿಯ ತಪ್ಪೂ ಅಲ್ಲ. ಬರದಿದ್ದರೆ ಬಾಕ್ಸ್ ಎಸೆಯಿರಿ.

ಬೆಣ್ಣೆದೋಸೆ_ಅಮ್ಮ · 10:08

ಅಳೆದಳು. 46 ಮತ್ತು 134. ಕೂಡಿದರೆ ಸರಿಯಾಗಿ 180!

ಅಂದರೆ ಶಾಲೆಯಲ್ಲೇ ತಪ್ಪು ತಿದ್ದಿದ್ದಾರಾ? ನಾಳೆ ಹೋಗಿ ಕೇಳಲಾ?

ರಾತ್ರಿಪಾಳಿ · 10:10

ಹಾಗೇ ಕಾಣುತ್ತೆ. ಕೇಳಿ.

ನೀಲಿಗೆರೆ · 10:22

ತಡೆಯಿರಿ, ಯಾರ ಹತ್ತಿರವೂ ಜಗಳಕ್ಕೆ ಹೋಗಬೇಡಿ.

ನಾನು ಡ್ರಾಯಿಂಗ್ ಬೋರ್ಡಿನ ಮುಂದೆ 30 ವರ್ಷ ನಿಂತವನು. ಈಗ ನಿವೃತ್ತ. ಎರಡು ಕೇಳುತ್ತೇನೆ. ಒಂದು, ಒಂದು ತ್ರಿಭುಜ ಎಳೆದು ಮೂರೂ ಕೋನ ಅಳೆಸಿ, ಮೊತ್ತ ಹೇಳಿ. ಎರಡು, ಮಗಳು ಡಿ ಇಡುವಾಗ ಅದರ ಕೆಳಗಿನ ಅಂಚು ಪುಸ್ತಕದ ಗೆರೆಯ ಮೇಲೆ ಕೂತಿರುತ್ತದೆಯೋ, ಇಲ್ಲ ಡಿಯೊಳಗೆ ಅಡ್ಡಕ್ಕೆ ಒಂದು ಸಣ್ಣ ಗೆರೆ ಇರುತ್ತಲ್ಲ, 0ಯಿಂದ 180ಕ್ಕೆ, ಅದು ಗೆರೆಯ ಮೇಲೆ ಕೂತಿರುತ್ತದೆಯೋ? ಹತ್ತಿರ ಹೋಗಿ ನೋಡಿ.

ಬೆಣ್ಣೆದೋಸೆ_ಅಮ್ಮ · 10:40

ತ್ರಿಭುಜ: 46, 57, 68. ಮೊತ್ತ 171. ಇದೇನು ಸಾರ್, 9 ಡಿಗ್ರಿ ಎಲ್ಲಿ ಹೋಯ್ತು?

ಎರಡನೆಯದು: ಅಂಚೇ ಗೆರೆಯ ಮೇಲಿದೆ! ಅಂಚಿಗೂ ಆ ಅಡ್ಡಗೆರೆಗೂ ನಡುವೆ ಒಂದು ಖಾಲಿ ಪಟ್ಟಿ ಇದೆ. ಸ್ಕೇಲಿಟ್ಟು ನೋಡಿದೆ, 5 ಮಿ.ಮೀ. ನಡುವಿನ ತೂತಿನಿಂದ ಅಂಕಿಯ ಗೆರೆಗಳ ತನಕ ನಾಲ್ಕೂವರೆ ಸೆಂ.ಮೀ.

ನೀಲಿಗೆರೆ · 11:05

ಸಿಕ್ಕಿಬಿತ್ತು.

ಕೋನದ ಶೃಂಗ, ಅಂದರೆ ಎರಡು ಗೆರೆ ಸೇರುವ ಚುಕ್ಕಿ, ಕೋನಮಾಪಕದ ನಡುವಿನ ತೂತಿನ ಕೆಳಗೇ ಬರಬೇಕು. ನಿಮ್ಮ ಮಗಳು ಅಂಚಿನ ಮಧ್ಯಕ್ಕೆ ಇಟ್ಟಿದ್ದಾಳೆ. ಹಾಗಾಗಿ ಇಡೀ ಡಿ 5 ಮಿ.ಮೀ. ಮೇಲೆ ಹತ್ತಿ ಕೂತಿದೆ.

ಇದರಿಂದ ಏನಾಗುತ್ತೆ ಅಂತ ಮಗುವಿಗೆ ಹೀಗೆ ಹೇಳಿ. ಅಂಗಳದಲ್ಲಿ ನೆಲದ ಮೇಲೆ ಕೂತು ತೆಂಗಿನ ಮರದ ತುದಿ ನೋಡು. ಕತ್ತು ಇಷ್ಟು ಎತ್ತಬೇಕು. ಈಗ ಅಲ್ಲೇ ಒಂದು ಏಣಿ ಹತ್ತಿ ಅದೇ ತುದಿ ನೋಡು. ಕತ್ತು ಅಷ್ಟು ಎತ್ತಬೇಕಿಲ್ಲ. ಮರ ಅದೇ, ಜಾಗ ಅದೇ, ನೋಡುವ ಕಣ್ಣು ಮೇಲೆ ಹೋಯ್ತು. ಡಿಯ ಕಣ್ಣು ಅದರ ತೂತು. ಅದು ಮೇಲೆ ಹೋದದ್ದಕ್ಕೆ 50 ಇದ್ದದ್ದು 46 ಅಂತ ಕಂಡಿತು. ತಲೆಯ ಮೇಲೆ ನೇರವಾಗಿ ಹಾರುವ ಹದ್ದನ್ನು ನೋಡೋಕೆ ಏಣಿ ಹತ್ತಿದರೂ ಒಂದೇ, ಹತ್ತದಿದ್ದರೂ ಒಂದೇ. ಅದಕ್ಕೇ 90 ಮಾತ್ರ ಸರಿ ಬಂತು.

130 ಯಾಕೆ 134 ಆಯ್ತು? 130 ಅಂದರೆ ಆ ಕಡೆಯಿಂದ ನೋಡಿದರೆ 50ರ ಮರವೇ. ಅದೂ 46ಕ್ಕೆ ಇಳಿಯಿತು. 180ರಲ್ಲಿ 46 ಕಳೆದರೆ 134. ಸರಳಾಧಿಕ ಕೋನವನ್ನು ಅವಳು 360ರಲ್ಲಿ 134 ಕಳೆದು ಬರೆದಿರಬೇಕು, 226. ಲೆಕ್ಕ ಸರಿ, ಕಳೆದ ಅಂಕಿ ತಪ್ಪು.

ರಾತ್ರಿಪಾಳಿಯವರ ಪರೀಕ್ಷೆ ಯಾಕೆ ಕೈಕೊಟ್ಟಿತು ಅಂತಲೂ ಇದರಲ್ಲೇ ಇದೆ. ಒಂದು ಕಡೆ ಎಷ್ಟು ಕಮ್ಮಿ ಆಯ್ತೋ ಇನ್ನೊಂದು ಕಡೆ ಅಷ್ಟೇ ಜಾಸ್ತಿ ಆಯ್ತು. ಕೂಡಿದರೆ 180 ಬರದೆ ಇನ್ನೇನು? ಕಳ್ಳನೇ ಎರಡೂ ಕಡೆ ಸಾಕ್ಷಿ ಹೇಳಿದ ಹಾಗೆ.

ರಾತ್ರಿಪಾಳಿ · 11:30

ಒಪ್ಪಿಕೊಂಡೆ. ತಪ್ಪು ಸಲಹೆ ಕೊಟ್ಟು ಶಾಲೆಗೆ ಜಗಳಕ್ಕೆ ಕಳಿಸುತ್ತಿದ್ದೆ. ಕ್ಷಮಿಸಿ.

ನಿದ್ದೆ ಬರಲಿಲ್ಲ, ಲೆಕ್ಕ ಮಾಡಿದೆ. 5 ಮಿ.ಮೀ. ಪಟ್ಟಿ, 45 ಮಿ.ಮೀ. ತ್ರಿಜ್ಯ. ತಪ್ಪು ಎಷ್ಟು ಅನ್ನೋದು ಕೋನದ ಕೊಸೈನ್ ಮೇಲೆ ನಿಂತಿದೆ. 30 ಇದ್ದದ್ದು 24½ ಅಂತ ಓದುತ್ತದೆ. 50 ಇದ್ದದ್ದು 46. 60ಕ್ಕೆ 57, 70ಕ್ಕೆ 68. 90ಕ್ಕೆ ಸೊನ್ನೆ ತಪ್ಪು. ಆಮೇಲೆ ತಪ್ಪು ಆ ಕಡೆ ತಿರುಗುತ್ತದೆ. ಕೋನ ಚಿಕ್ಕದಾದಷ್ಟೂ ಏಟು ಜಾಸ್ತಿ. ಅವಳ ತ್ರಿಭುಜ ನಿಜಕ್ಕೂ 50, 60, 70 ಇರಬೇಕು. 46, 57, 68 ಅಂದರೆ ಮಗು ಎಷ್ಟು ನೀಟಾಗಿ ಓದಿದ್ದಾಳೆ ನೋಡಿ! ಇಟ್ಟ ಜಾಗ ತಪ್ಪು, ಓದಿದ ಅಂಕಿಯಲ್ಲಿ ಒಂದು ಡಿಗ್ರಿಯೂ ಆಚೀಚೆ ಇಲ್ಲ.

ಇನ್ನೊಂದು ಚೆನ್ನಾಗಿರೋದು ಸಿಕ್ಕಿತು. ಈ ಡಿಯನ್ನು ಹೀಗೆ ತಪ್ಪಾಗಿಟ್ಟರೆ, ಎಂಥ ತ್ರಿಭುಜ ತಗೊಂಡರೂ ಮೊತ್ತ ಕಮ್ಮಿಯೇ ಬರುತ್ತದೆ. ಆರೂಕಾಲು ಡಿಗ್ರಿಗಿಂತ ಜಾಸ್ತಿ, ಹೆಚ್ಚೆಂದರೆ ಒಂಬತ್ತೂವರೆ. ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ. ಆಯತ ತಗೊಂಡರೆ ಮಾತ್ರ ನಾಲ್ಕೂ 90, ಮೊತ್ತ 360, ಎಲ್ಲ ಸರಿ ಇದೆ ಅಂತ ನಗುತ್ತಾ ಮನೆಗೆ ಹೋಗಬಹುದು.

ಕಪ್ಪುಹಲಗೆ · ಸೋಮವಾರ ಬೆಳಿಗ್ಗೆ 6:15

ಎದ್ದ ಕೂಡಲೇ ಇದನ್ನು ಓದಿದೆ. ನನಗೇ ನಾಚಿಕೆ ಆಯ್ತು. ಮಕ್ಕಳು ತ್ರಿಭುಜದ ಮೊತ್ತ 171, 172 ಅಂತ ತಂದಾಗ "ಅಳತೆಯಲ್ಲಿ ಹೆಚ್ಚುಕಮ್ಮಿ ಆಗುತ್ತೆ, 180 ಅಂತ ಬರೆದುಕೋ" ಅಂತ ಎಷ್ಟು ಸಲ ಹೇಳಿದ್ದೇನೋ. ಹೆಚ್ಚುಕಮ್ಮಿ ಆಗೋದಾದರೆ ಕೆಲವರಿಗೆ 183, 185 ಬರಬೇಕಿತ್ತು. ಯಾವಾಗಲೂ ಕಮ್ಮಿಯೇ ಬರುತ್ತಿತ್ತು. ಅದು ಯಾಕೆ ಅಂತ ನಾನು ಕೇಳಲೇ ಇಲ್ಲ.

ಸ್ಕೇಲಿನಲ್ಲೂ ಇದೇ ಕತೆ ಅಲ್ವಾ? ಸೊನ್ನೆಗೆ ಮುಂಚೆ ಒಂಚೂರು ಖಾಲಿ ಜಾಗ ಇರುತ್ತದೆ. ಅದನ್ನು 2ನೇ ಕ್ಲಾಸಿನಿಂದ ಹೇಳಿ ಹೇಳಿ ರೂಢಿ ಮಾಡಿಸುತ್ತೇವೆ. ಕೋನಮಾಪಕಕ್ಕೆ ಮಾತ್ರ "ನಡುವಿನ ಚುಕ್ಕಿ ಇಡಿ" ಅಂತ ಒಂದು ಸಲ ಹೇಳಿ ಮುಂದೆ ಹೋಗುತ್ತೇವೆ. ಕೆಲವು ಕೋನಮಾಪಕದಲ್ಲಿ ಸೊನ್ನೆ ಗೆರೆ ಅಂಚಿನಲ್ಲೇ ಇರುತ್ತದೆ, ಪಟ್ಟಿ ಇರಲ್ಲ. ಪಕ್ಕದ ಹುಡುಗಿಯದು ಹಾಗಿದ್ದರೆ, ಅವಳನ್ನು ನೋಡಿ ಇವಳು ಇಟ್ಟರೆ ಮುಗೀತು.

ಮೂಲೆಮಟ್ಟ · 7:40

ನಮ್ಮಪ್ಪ ಗಾರೆ ಮೇಸ್ತ್ರಿ. 7ನೇ ಕ್ಲಾಸಲ್ಲಿ ನಾನು ಕೋನಮಾಪಕ ತೋರಿಸಿ "ಇದರಲ್ಲಿ ಮೂಲೆ ಅಳೀಬಹುದು" ಅಂದಾಗ ನಕ್ಕಿದ್ದರು. ಅವರ ನಗು ದೊಡ್ಡವನಾದ ಮೇಲೆ ಅರ್ಥ ಆಯ್ತು.

30-40 ಸೈಟು ತಗೊಳ್ಳಿ. ಪಾಯ ಹಾಕುವಾಗ ಮೂಲೆ ಒಂದೇ ಒಂದು ಡಿಗ್ರಿ ತಪ್ಪಿದರೆ, 40 ಅಡಿ ಹೋಗುವಷ್ಟರಲ್ಲಿ ಗೋಡೆ 8 ಇಂಚಿಗೂ ಜಾಸ್ತಿ ಪಕ್ಕಕ್ಕೆ ಹೋಗಿರುತ್ತದೆ. ಪಕ್ಕದ ಸೈಟಿನವರು ಸುಮ್ನೆ ಇರ್ತಾರಾ? ಅಂಗೈ ಅಗಲದ ಡಿಯಲ್ಲಿ ಒಂದು ಡಿಗ್ರಿ ಒಂದು ಮಿ.ಮೀ. ಕೂಡ ಇಲ್ಲ. ಅದನ್ನು ನಂಬಿ ಯಾವ ಮೇಸ್ತ್ರಿ ಪಾಯ ತೆಗೆಯುತ್ತಾನೆ?

ಅಪ್ಪ ಹಿಡಿಯುತ್ತಿದ್ದದ್ದು ದಾರ. ಮೂಲೆಯಿಂದ ಒಂದು ಕಡೆ 3 ಅಡಿಗೆ ಗೂಟ, ಇನ್ನೊಂದು ಕಡೆ 4 ಅಡಿಗೆ ಗೂಟ. ಎರಡು ಗೂಟದ ನಡುವೆ 5 ಅಡಿ ಬರುವ ತನಕ ದಾರ ಆಚೀಚೆ ಸರಿಸೋದು. 5 ಬಂತು ಅಂದರೆ ಮೂಲೆ ಲಂಬ. ಸೈಟು ದೊಡ್ಡದಾದಷ್ಟೂ ದೊಡ್ಡ ಅಳತೆ ಹಿಡಿದರೆ ಒಳ್ಳೆಯದು, 6-8-10, 9-12-15. 30-40 ಸೈಟಲ್ಲಂತೂ ದೇವರೇ ಕೊಟ್ಟ ಹಾಗೆ, ಮೂಲೆಯಿಂದ ಮೂಲೆಗೆ ಟೇಪು ಎಳೆದರೆ 50 ಅಡಿ ಬರಬೇಕು. ಎರಡೂ ಕರ್ಣ 50 ಬಂದರೆ ನಾಲ್ಕೂ ಮೂಲೆ ಸರಿ. ಅಪ್ಪನಿಗೆ ಪೈಥಾಗರಸ್ ಹೆಸರು ಗೊತ್ತಿರಲಿಲ್ಲ. "ಮೂರು ನಾಕು ಐದು" ಅಂತಿದ್ದರು, ಅಷ್ಟೇ.

ಲಂಬ ಅನ್ನೋ ಮಾತು ಇಷ್ಟವಾಗಲು ಅವರೇ ಕಾರಣ. ಲಂಬ ಅಂದರೆ ಜೋತು ಬಿದ್ದದ್ದು. ತೂಗುಗುಂಡು ಬಿಟ್ಟರೆ ದಾರ ತಾನಾಗೇ ನೆಟ್ಟಗೆ ಇಳಿಯುತ್ತದಲ್ಲ, ಅದು ಲಂಬ. ರಸಮಟ್ಟದ ಗುಳ್ಳೆ ನಡುವೆ ನಿಂತರೆ ಗೆರೆ ಅಡ್ಡ. ಗುಂಡಿನ ದಾರ ಮತ್ತು ಮಟ್ಟದ ಪಟ್ಟಿ ಸೇರುವಲ್ಲಿ 90.

ಸುಮ್ನೆ_ಕೇಳ್ದೆ · 8:02

ಈ 360 ಯಾಕೆ? 100 ಇಟ್ಟಿದ್ದರೆ ಎಲ್ಲರಿಗೂ ಸುಲಭ ಆಗ್ತಿರಲಿಲ್ವಾ?

ರಾತ್ರಿಪಾಳಿ · 8:20

ಬ್ಯಾಬಿಲೋನಿನವರು 60ರ ಲೆಕ್ಕದಲ್ಲಿ ಎಣಿಸುತ್ತಿದ್ದರು, ಅಲ್ಲಿಂದ ಬಂದ ರೂಢಿ. ನಿಮಿಷಕ್ಕೆ 60 ಸೆಕೆಂಡು ಇರುವುದೂ ಅದೇ ಬೇರಿನಿಂದ. ಆದರೆ ಇಷ್ಟು ಕಾಲ ಉಳಿದದ್ದು ಭಾಗಿಸೋಕೆ ಸುಲಭ ಅಂತ. 2, 3, 4, 5, 6, 8, 9, 10, 12 ಯಾವುದರಿಂದ ಭಾಗಿಸಿದರೂ ಶೇಷ ಬರಲ್ಲ. ಒಟ್ಟು 24 ಭಾಜಕ. 100ಕ್ಕೆ 9 ಅಷ್ಟೇ. ನೂರರಲ್ಲಿ ಮೂರನೇ ಒಂದು ಭಾಗ ಕೇಳಿದರೆ 33.33 ಅಂತ ಎಳೆದುಕೊಂಡು ಹೋಗುತ್ತೆ.

ಲಂಬ ಕೋನಕ್ಕೆ 100 ಇಟ್ಟ ಅಳತೆಯೂ ಇದೆ, ಗ್ರೇಡಿಯನ್ ಅಂತ. ಪೂರ್ತಿ ಸುತ್ತಿಗೆ 400. ಅದನ್ನು ಬಹಳ ಜನ ನೋಡಿರುವುದು ಕ್ಯಾಲ್ಕುಲೇಟರಿನಲ್ಲಿ ತಪ್ಪಿ ಗುಂಡಿ ಒತ್ತಿ, ಪರೀಕ್ಷೆಯಲ್ಲಿ ಸೈನ್ 30 ಅರ್ಧ ಬರದೆ ಕೈಕಾಲು ನಡುಗಿದಾಗ.

ಹುಣ್ಣಿಮೆ_ನೋಡುಗ · 8:55

ನಮ್ಮ ಮನೆಯ ಗೋಡೆಗೆ ತೂಗುಹಾಕಿರೋ ಪಂಚಾಂಗದಲ್ಲೇ ಇಡೀ ಕೋನದ ಪಾಠ ಇದೆ, ಯಾರೂ ಹಾಗೆ ನೋಡಲ್ಲ.

ತಿಥಿ ಅಂದರೆ ಏನು? ಭೂಮಿಯಿಂದ ನೋಡಿದಾಗ ಸೂರ್ಯನಿಗೂ ಚಂದ್ರನಿಗೂ ನಡುವಿನ ಕೋನ. ಪ್ರತಿ 12 ಡಿಗ್ರಿಗೆ ಒಂದು ತಿಥಿ. 30 ತಿಥಿ, 30 ಹನ್ನೆರಡಲ 360. ಅಮಾವಾಸ್ಯೆ ಮುಗಿಯುವ ಗಳಿಗೆ ಸೊನ್ನೆ, ಶೂನ್ಯ ಕೋನ. ಚೌತಿ 36ರಿಂದ 48, ಲಘು ಕೋನ. ಅಷ್ಟಮಿ 84ರಿಂದ 96, ಅದರ ನಟ್ಟನಡುವೆ ಲಂಬ ಕೋನ. ಆವತ್ತು ಚಂದ್ರ ಸರಿಯಾಗಿ ಅರ್ಧ ಕಾಣೋದು ಅದಕ್ಕೇ. ಶುಕ್ಲ ಏಕಾದಶಿ 120ರಿಂದ 132, ವಿಶಾಲ ಕೋನದ ಉಪವಾಸ. ಹುಣ್ಣಿಮೆ ಮುಗಿಯುವಾಗ 180, ಸರಳ ಕೋನ. ಸೂರ್ಯ ಒಂದು ಕಡೆ ಇಳಿಯುತ್ತಿದ್ದರೆ ಚಂದ್ರ ಎದುರಿಗೆ ಏಳುತ್ತಾನೆ, ನಡುವೆ ನಾವು. ಅಲ್ಲಿಂದ ಮುಂದೆ ಕೃಷ್ಣಪಕ್ಷ ಪೂರ್ತಿ ಸರಳಾಧಿಕ.

ಶುಕ್ಲ ಅಷ್ಟಮಿಯ ಸಂಜೆ ಸೂರ್ಯ ಮುಳುಗುವಾಗ ಮಗಳನ್ನು ಟೆರೇಸಿಗೆ ಕರೆದುಕೊಂಡು ಹೋಗಿ. ಒಂದು ಕೈ ಸೂರ್ಯ ಇಳಿದ ಕಡೆ, ಒಂದು ಕೈ ಚಂದ್ರನ ಕಡೆ ಚಾಚಿಸಿ. ಎರಡು ಕೈ ನಡುವೆ ಪುಸ್ತಕದ ಮೂಲೆ ಕಾಣುತ್ತದೆ. ಕೈಯೇ ಅಳತೆಗೋಲು ಕೂಡ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಮ್ಮಿ 10 ಡಿಗ್ರಿ, ಕಿರುಬೆರಳು 1 ಡಿಗ್ರಿ. ಚಂದ್ರ ಅರ್ಧ ಡಿಗ್ರಿ ಮಾತ್ರ. ಅಷ್ಟು ದೊಡ್ಡದಾಗಿ ಕಾಣುವ ಹುಣ್ಣಿಮೆ ಚಂದ್ರನನ್ನು ಕಿರುಬೆರಳು ಪೂರ್ತಿ ಮುಚ್ಚಿಬಿಡುತ್ತದೆ, ಮಾಡಿ ನೋಡಿ. ಭಾದ್ರಪದದ ಚೌತಿಯಲ್ಲಿ ಮಾತ್ರ ಅಳೆಯೋಕೆ ಹೋಗಬೇಡಿ, ಅಪವಾದ ಬಂದೀತು.

ಡಿಗ್ರಿಗೆ ಹಳೆಯ ಪುಸ್ತಕಗಳಲ್ಲಿ ಭಾಗ ಅಥವಾ ಅಂಶ, ಅದರ 60ನೇ ಪಾಲಿಗೆ ಕಲೆ. ಸುತ್ತಿಗೆ 21,600 ಕಲೆ. ಆರ್ಯಭಟ 499ರಲ್ಲಿ ಲಂಬ ಕೋನವನ್ನು 24 ತುಂಡು ಮಾಡಿ, ಒಂದೊಂದು 225 ಕಲೆ, ಜ್ಯಾ ಕೋಷ್ಟಕ (ಈಗಿನ ಸೈನ್ ಪಟ್ಟಿ) ಕೊಟ್ಟ. 225 ಕಲೆ ಅಂದರೆ ಮೂರು ಮುಕ್ಕಾಲು ಡಿಗ್ರಿ. ನಿಮ್ಮ ಮಗಳ 4 ಡಿಗ್ರಿ ತಪ್ಪು ಅವನ ಒಂದು ತುಂಡಿಗಿಂತ ಜಾಸ್ತಿ ಆಯ್ತು.

ಕಟ್ಟೆಪುರಾಣ · 9:04

ವಿಶಾಲ ಕೋನದ ಉಪವಾಸ 😂 ನಮ್ಮ ಮನೆಯಲ್ಲಿ ಏಕಾದಶಿಯ ಅವಲಕ್ಕಿ, ಉಪ್ಪಿಟ್ಟು ಎಲ್ಲ ನೋಡಿದರೆ ಸರಳಾಧಿಕವೇ.

ಮೂಲೆಮಟ್ಟ · 9:12

ಉಪ್ಪಿಟ್ಟು ಬಂತು ಅಂದರೆ ಈ ಚರ್ಚೆ ದಾರಿ ತಪ್ಪಿತು ಅಂತ ಲೆಕ್ಕ.

ನೀಲಿಗೆರೆ · 11:20

ಡಿ ಇಡುವ ವಿಷಯಕ್ಕೆ ಇನ್ನೆರಡು ಮಾತು. ಪ್ಲಾಸ್ಟಿಕ್ ಡಿ ದಪ್ಪ ಇರುತ್ತದೆ. ಅಂಕಿ ಅಚ್ಚಾದ ಮುಖ ಕಾಗದಕ್ಕೆ ತಾಗಿದ್ದರೆ ಓರೆಯಿಂದ ನೋಡಿದರೂ ಮೋಸ ಕಮ್ಮಿ. ಅಚ್ಚು ಮೇಲ್ಮುಖಕ್ಕಿದ್ದರೆ ಕಣ್ಣು ನೇರ ಮೇಲಿರಬೇಕು. ಮಕ್ಕಳು ಡೆಸ್ಕಿನಲ್ಲಿ ಒರಗಿ ಪಕ್ಕದಿಂದ ನೋಡುತ್ತಾರೆ, ಒಂದು ಡಿಗ್ರಿ ಅಲ್ಲೇ ಹೋಗುತ್ತದೆ.

ನಾವು ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಕೈಗೆ ಹೊಸ ಕೋನಮಾಪಕ ಕೊಟ್ಟ ದಿನ ಏನೂ ಅಳೆಯೋಕೆ ಬಿಡುತ್ತಿರಲಿಲ್ಲ. ಮೊದಲು ಒಂದು ತ್ರಿಭುಜ ಎಳೆದು ಮೂರೂ ಕೋನ ಅಳೆದು ಮೊತ್ತ ತೋರಿಸಬೇಕು. 180 ಬಂದರೆ ಮಾತ್ರ ಅದನ್ನು ಡ್ರಾಯಿಂಗ್ ಬೋರ್ಡಿಗೆ ತರಬಹುದು. ಆಗ ಅದು ಕಾಟ ಅನ್ನಿಸುತ್ತಿತ್ತು. ನಿನ್ನೆ ರಾತ್ರಿ ಮೊದಲು ನೆನಪಾದದ್ದು ಆ ತ್ರಿಭುಜವೇ.

ಬೆಣ್ಣೆದೋಸೆ_ಅಮ್ಮ · ಸಂಜೆ 6:30

ಶಾಲೆಯಿಂದ ಬಂದಳು. ತೆಂಗಿನ ಮರ ಇಲ್ಲ, ಎದುರು ಮನೆಯ ನೀರಿನ ಟ್ಯಾಂಕು ತೋರಿಸಿದೆ. ಮೊದಲು ನೆಲಕ್ಕೆ ಕೂರಿಸಿ, ಆಮೇಲೆ ಸ್ಟೂಲ್ ಮೇಲೆ ನಿಲ್ಲಿಸಿ. "ಓ, ಡಿ ಸ್ಟೂಲ್ ಹತ್ತಿತ್ತಾ?" ಅಂದಳು. ಆಮೇಲೆ ನಾನು ಹೇಳೋದೇನೂ ಉಳಿಯಲಿಲ್ಲ.

ಅವಳೇ ಸ್ಕೆಚ್ ಪೆನ್ ತಗೊಂಡು ಡಿಯ ಅಡ್ಡಗೆರೆಯನ್ನು ಕೆಂಪು ಮಾಡಿಕೊಂಡಳು. ತೂತನ್ನು ಚುಕ್ಕಿಯ ಮೇಲಿಟ್ಟು, ಕೆಂಪು ಗೆರೆಯನ್ನು ಗೆರೆಯ ಮೇಲಿಟ್ಟು, ನಿನ್ನೆಯ ತ್ರಿಭುಜ ಮತ್ತೆ ಅಳೆದಳು. 50. 60. ಮೂರನೆಯದಕ್ಕೆ ಬಹಳ ಹೊತ್ತು ಬಗ್ಗಿ ನೋಡಿದಳು. "ಅಮ್ಮ, 69½ ಅನ್ಸುತ್ತೆ. 70 ಅಂತ ಬರೆದರೆ ಸುಳ್ಳಾಗುತ್ತೆ" ಅಂತಾಳೆ. ಈಗ ಇದಕ್ಕೆ ಏನು ಹೇಳಲಿ?

ನೀಲಿಗೆರೆ · 6:41

ಆ ಡಿಯಲ್ಲಿ ಒಂದು ಡಿಗ್ರಿ ಅಂದರೆ 0.8 ಮಿ.ಮೀ.ಗೂ ಒಂಚೂರು ಕಮ್ಮಿ. ಮೊಂಡು ಪೆನ್ಸಿಲಿನ ಗೆರೆಯೇ ಅರ್ಧ ಡಿಗ್ರಿ ತಿನ್ನುತ್ತದೆ. 69½ ಅಂತಲೇ ಬರೆಯಲಿ. ನಾಳೆ ಪೆನ್ಸಿಲ್ ಚೂಪು ಮಾಡಿಕೊಂಡು ಇನ್ನೊಂದು ತ್ರಿಭುಜ ಎಳೆಯಲಿ, ನೋಡೋಣ.